ಉಳಿಕೆ ತಾಸು

ಶಹಾಪುರದಿಂದ ಯಾದಗಿರಿ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹತ್ತಿ ಹೊಲಗಳು ಶುರುವಾಗುವಲ್ಲಿ, ಶ್ರೀಮಂತ ಸಾವ್ಕಾರರ ಹತ್ತಿ ಗಿರಣಿ ಇದೆ. ದೀಪಾವಳಿ ಮುಗಿಯುತ್ತಿದ್ದಂತೆ ಅದರ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಅಂಗಳದಲ್ಲಿ ಹತ್ತಿಯ ಗುಡ್ಡಗಳೇಳುತ್ತವೆ. ಒಳಗೆ ತಗಡಿನ ಮಾಡಿನ ಕೆಳಗೆ ಹತ್ತಿಯಿಂದ ಕಾಳು ಬಿಡಿಸುವ ಇಪ್ಪತ್ತು ಯಂತ್ರಗಳು, ಜಿನ್ನುಗಳು, ಎರಡು ಸಾಲಾಗಿ ನಿಂತಿವೆ. ಒಂದೊಂದು ಜಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು. ಅವಳು ಹತ್ತಿಯನ್ನು ತೆಕ್ಕೆತುಂಬ ಎತ್ತಿಕೊಂಡು, ತಿರುಗುವ ರೋಲರುಗಳಿಗೆ ಹಿಡಿಹಿಡಿಯಾಗಿ ಉಣಿಸಬೇಕು. ಕಾಳು ಕೆಳಗೆ ಉದುರುತ್ತದೆ, ಅರಳೆ ಆಚೆ ಬದಿಗೆ ಬೀಳುತ್ತದೆ. ಆ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಹೆಂಗಸರು ಕಣ್ಣು, ಕೈಗಳಿಂದಲೇ ಮಾತಾಡಿಕೊಳ್ಳುತ್ತಾರೆ.

ಆ ಗಿರಣಿಯಲ್ಲಿ ರೇವತಿಗೆ ಕೆಲಸ ಕೊಡಿಸಿದವಳು ಅವಳ ಸೋದರತ್ತೆ ಲಾಲಮ್ಮ. ಮಗಳು ಲಕ್ಷ್ಮಿ ಇನ್ನೂ ತೊಟ್ಟಿಲಲ್ಲಿದ್ದಾಗ ಗಂಡ ತೀರಿಕೊಂಡಿದ್ದ. ಅಂದಿನಿಂದ ಲಾಲಮ್ಮ ಆ ಗಿರಣಿಯಲ್ಲೇ ಹತ್ತಿ ಹಾಕಿಕೊಂಡು ಬಂದವಳು. ಲಕ್ಷ್ಮಿಯನ್ನು ಕಕ್ಕೇರಾಕ್ಕೆ ಮದುವೆ ಮಾಡಿಕೊಟ್ಟ ಮೇಲೆ ದೋರನಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ದಿನ ಸಾವ್ಕಾರರು ಹೊಸದಾಗಿ ತರಿಸಿದ ಅರಳೆ ಒತ್ತಿ ಬೇಲು ಕಟ್ಟುವ ಪ್ರೆಸ್ಸಿನ ಮುಂದೆ ನಿಂತು, ಕಂಪ್ಯೂಟರಿನಲ್ಲಿ ಹಿಸಾಬು ಹಾಕಿ ಕೆಲಸ ಹಂಚುವವರು ಯಾರಾದರೂ ಬೇಕೆಂದು ಯಾರಿಗೋ ಹೇಳುತ್ತಿದ್ದರು. ಅದು ಕಿವಿಗೆ ಬಿದ್ದದ್ದೇ, ಲಾಲಮ್ಮ ತಲೆಯ ಮೇಲಿನ ಅರಳೆ ಕೊಡವಿಕೊಂಡು ಅವರೆದುರು ಹೋಗಿ ನಿಂತಳು.

"ನಮ್ಮಣ್ಣನ ಮಗಳು ಅದಾಳ್ರಿ ಸಾವ್ಕಾರ್ರ. ಕಲಬುರಗ್ಯಾಗ ಲೆಕ್ಕದ ಮ್ಯಾಲೇ ಎಂಎಸ್ಸಿ ಮಾಡ್ಯಾಳ. ಈಗ ಸುರಪುರದಾಗ ಮನ್ಯಾಗ ಕುಂತಾಳ. ಒಂದ್ಸಲ ನೋಡ್ರಿ."

ಹೀಗೆ ರೇವತಿ ಸುರಪುರದಿಂದ ದೋರನಹಳ್ಳಿಗೆ ಬಂದು ಅತ್ತೆಯ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಇಬ್ಬರೂ ಟಂಟಂ ಆಟೋ ಏರಿ ಗಿರಣಿಗೆ ಬರುತ್ತಿದ್ದರು. ಅದೇ ಊರಿನ ಮದೀನಾಬೀ ಕೂಡ ಅವರ ಜೊತೆಗಿರುತ್ತಿದ್ದಳು. ಅವಳೂ ಲಾಲಮ್ಮನೂ ಒಂದೇ ವಯಸ್ಸಿನ ಗೆಳತಿಯರು, ದಾರಿಯುದ್ದಕ್ಕೂ ಅವರ ಮಾತು ಮುಗಿಯುತ್ತಿರಲಿಲ್ಲ. ಗೇಟು ದಾಟಿದ ಮೇಲೆ ಅವರಿಬ್ಬರೂ ಜಿನ್ನಿನ ಶೆಡ್ಡಿಗೆ ಹೋದರೆ, ರೇವತಿ ಅದರ ಮಗ್ಗುಲಲ್ಲೇ ಇದ್ದ ಗಾಜಿನ ಕಿಟಕಿಯ ಕೋಣೆಗೆ ಹೋಗುತ್ತಿದ್ದಳು. ಕಿಟಕಿಯಾಚೆ ಸೋದರಸೊಸೆ ಕಂಡಾಗಲೆಲ್ಲ ಲಾಲಮ್ಮ ಪಕ್ಕದವಳಿಗೆ ಮೊಣಕೈಯಿಂದ ತಿವಿದು ಆ ಕಡೆ ಗದ್ದ ತೋರಿಸುತ್ತಿದ್ದಳು.

ಗಿರಣಿಗೆ ಎರಡು ಜಾತಿಯ ಹತ್ತಿ ಬರುತ್ತಿತ್ತು. ಉದ್ದ ಎಳೆಯದಕ್ಕೆ ರೇಟು ಹೆಚ್ಚು, ಅದನ್ನು ಬಿಡಿಸಲು ಹೊತ್ತೂ ಹೆಚ್ಚು. ಗಿಡ್ಡ ಎಳೆಯದು ಬೇಗ ಆಗುತ್ತದೆ, ಲಾಭ ಕಡಿಮೆ. ವಾರಕ್ಕೆ ಯಾವುದನ್ನು ಎಷ್ಟು ಹಾಕಿದರೆ ಗಿರಣಿಗೆ ಹೆಚ್ಚು ಉಳಿಯುತ್ತದೆ ಎಂಬುದೇ ರೇವತಿಯ ಮುಂದಿದ್ದ ಪ್ರಶ್ನೆ. ಕಾಲೇಜಿನಲ್ಲಿ ಇಂಥ ಲೆಕ್ಕಗಳನ್ನು ಪುಸ್ತಕದೊಳಗಿನ ಕುರ್ಚಿ, ಮೇಜು ಮಾಡುವ ಕಾರ್ಖಾನೆಗಳಿಗೆ ಮಾಡಿದ್ದಳು. ಇಲ್ಲಿ ನಿಜವಾದ ಜಿನ್ನು, ನಿಜವಾದ ಪ್ರೆಸ್ಸು, ನಿಜವಾದ ಕೈಗಳು. ಮೂರಕ್ಕೂ ಒಂದೊಂದು ಮಿತಿ ಇತ್ತು. ದಿನಕ್ಕೆ ಜಿನ್ನು ಇಷ್ಟು ತಾಸು ಓಡಬಲ್ಲದು, ಪ್ರೆಸ್ಸು ಇಷ್ಟು ಬೇಲು ಕಟ್ಟಬಲ್ಲದು, ಹೆಂಗಸರು ಇಷ್ಟು ತಾಸು ದುಡಿಯಬಲ್ಲರು. ಈ ಮೂರೂ ಗೆರೆಗಳನ್ನು ದಾಟದಂತೆ ಲಾಭವನ್ನು ಎಷ್ಟು ದೂರ ತಳ್ಳಬಹುದೋ ಅಷ್ಟು ದೂರ ತಳ್ಳುವುದು.

ಕೈಗೆಲಸದ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಅದನ್ನು ತಾನೇ ಕಂಡುಕೊಳ್ಳಬೇಕೆಂದು ರೇವತಿ ಒಂದು ವಾರ ಲಾಲಮ್ಮನ ಜಿನ್ನಿನ ಬದಿಗೆ ಸ್ಟೂಲು ಹಾಕಿಕೊಂಡು, ಬಾಯಿಗೆ ವೇಲು ಕಟ್ಟಿಕೊಂಡು, ಫೋನಿನಲ್ಲಿ ಹೊತ್ತು ಅಳೆಯುತ್ತ ಕೂತಳು. ಜಿನ್ನು ಒಂದು ತಾಸು ಓಡಬೇಕಾದರೆ ಒಂದು ತಾಸಿನ ಕೈ ಸಾಲುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅರವತ್ತಾರು ನಿಮಿಷ ಬೇಕು. ಹತ್ತಿಯೊಳಗಿನ ಕಲ್ಲು, ಒಣಗಿದ ಕಾಯಿಯ ಸಿಪ್ಪೆ ಆರಿಸಬೇಕು. ರೋಲರಿನ ಬಾಯಲ್ಲಿ ಗಂಟು ಕಟ್ಟಿದ್ದನ್ನು ಬಿಡಿಸಬೇಕು. ಮುಖ ಒರೆಸಿಕೊಳ್ಳಬೇಕು, ಕೆಮ್ಮಬೇಕು, ನೀರು ಕುಡಿಯಬೇಕು, ಗೋಡೆಯ ಹಿಂದೆ ಹೋಗಿಬರಬೇಕು. ಒಬ್ಬಳು ಹೀಗೆ ಎದ್ದು ಹೋದಾಗ ಆ ಜಾಗಕ್ಕೆ ಇನ್ನೊಬ್ಬಳು ಬಂದು ನಿಲ್ಲುತ್ತಿದ್ದಳು. ಅಂಥ ಬದಲಿ ಹೆಂಗಸರು ಆರು ಮಂದಿ ಇದ್ದರು. ಮದೀನಾಬೀ ಅವರಲ್ಲೊಬ್ಬಳು.

"ಏನ್ ಬರಕೊಂಡಿ?" ಎಂದು ಲಾಲಮ್ಮ ಸಂಜೆ ಕೇಳಿದಳು.

"ನೀ ಎಷ್ಟ ಸಲ ಕೆಮ್ಮಿದಿ ಅಂತ, ಅತ್ತಿ."

ಲಾಲಮ್ಮ ನಕ್ಕು ನಕ್ಕು ಮತ್ತೆ ಕೆಮ್ಮಿದ್ದಳು.

ಮೊದಲ ಪ್ಲ್ಯಾನು ತಯಾರಾದ ದಿನ ಸಾವ್ಕಾರರು ತಾವೇ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರೇನು ದಡ್ಡರಲ್ಲ. ತಂದೆಯ ಕಾಲದಿಂದ ಹತ್ತಿಯಲ್ಲೇ ಬೆಳೆದವರು, ಕೈಯಲ್ಲಿ ಒಂದು ಹಿಡಿ ಅರಳೆ ಎಳೆದು ನೋಡಿ ರೇಟು ಹೇಳಬಲ್ಲವರು. ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟು ಕೇಳಿದರು.

"ಇದೇನವಾ ಒಂದು ಕಡಿ ಸೊನ್ನಿ ಬಂದದ, ಒಂದು ಕಡಿ ಮೂವತ್ತೆರಡು?"

"ಅದು ಸ್ಲ್ಯಾಕ್ ರೀ. ಉಳಿಕಿ ಅನ್ನಬಹುದು. ನಮ್ಮ ಹತ್ರ ಎಷ್ಟು ಅದ, ಪ್ಲ್ಯಾನಿಗೆ ಎಷ್ಟು ಹತ್ತಿತು, ಕಡೀಕ ಎಷ್ಟು ಉಳೀತು ಅಂತ. ಜಿನ್ನಿನ ತಾಸಿಗೆ ಸೊನ್ನಿ ಬಂದದ. ಅಂದ್ರ ಜಿನ್ನು ಪೂರಾ ಖರ್ಚಾಗ್ಯಾವ, ನಮ್ಮನ್ನ ಹಿಡದು ನಿಲ್ಲಿಸಿದ್ದು ಅವೇ. ಇನ್ನೊಂದು ತಾಸು ಜಿನ್ನು ಸಿಕ್ರ ಲಾಭ ಏರ್ತದ."

"ಮತ್ತ ಈ ಮೂವತ್ತೆರಡು?"

"ಅದು ಹೆಣ್ಮಕ್ಕಳ ತಾಸು. ಇಪ್ಪತ್ತಾರು ಮಂದಿ ಎಂಟು ತಾಸಿನಂಗ ದುಡದ್ರ ಎರಡುನೂರಾ ಎಂಟು ತಾಸು. ಕೆಲಸಕ್ಕ ಹತ್ತಿದ್ದು ನೂರಾ ಎಪ್ಪತ್ತಾರು. ಅದರಾಗ ಇನ್ನೊಬ್ಬರನ್ನ ಹಚ್ಚಿದ್ರ ಲಾಭ ಒಂದು ಪೈಸಾನೂ ಏರಂಗಿಲ್ಲ."

"ತೆಗದ್ರ?"

ರೇವತಿ ಪರದೆ ನೋಡಿದಳು. ಲೆಕ್ಕದ ಉತ್ತರ ಅವಳಿಗೆ ಗೊತ್ತಿತ್ತು. "ಇಳಿಯಂಗೂ ಇಲ್ರಿ. ಮೂವತ್ತೆರಡರ ತನಕ."

"ಅಂದ್ರ ನಾಕು ಮಂದಿ," ಎಂದರು ಸಾವ್ಕಾರರು. "ನಾಕು ಮಂದಿ ಫುರಸತ್ತಾಗಿ ನಿಂತಾರ. ಜಿನ್ನಿನ ತಾಸು ಅಂದೆಲ್ಲ, ಊಟಕ್ಕ ಒಂದು ತಾಸು ಬಂದ್ ಮಾಡ್ತೀವಿ. ಅದನ್ನ ಬಿಟ್ರ?"

"ಲಾಭ ಏರ್ತದ್ರಿ. ಆದ್ರ ಒಂದು ಮಾತು. ಎರಡೂ ಒಮ್ಮೆಲೇ—"

ಬೇರೆಲ್ಲವೂ ಇದ್ದಂತೆಯೇ ಇದ್ದು ಒಂದನ್ನು ಮಾತ್ರ ಬದಲಿಸಿದಾಗಷ್ಟೇ ಈ ಅಂಕಿ ನಿಜ, ಜಿನ್ನಿನ ತಾಸು ಏರಿಸಿದರೆ ಕೈಯ ಉಳಿಕೆಯೂ ಕರಗುತ್ತದೆ, ಎರಡನ್ನೂ ಕೂಡಿಸಿ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ ಎಂದು ಅವಳು ಹೇಳಬೇಕಿತ್ತು. ಅಷ್ಟರಲ್ಲಿ ಸಾವ್ಕಾರರ ಫೋನು ರಿಂಗಾಯಿತು. ತಮಿಳುನಾಡಿನ ನೂಲಿನ ಗಿರಣಿಯವರು. ಅವರು ಮಾತಾಡುತ್ತಲೇ ಎದ್ದು ಹೊರಗೆ ಹೋದರು, ಹೋಗುವಾಗ ಬಾಗಿಲಲ್ಲಿ ತಿರುಗಿ ರೇವತಿಗೆ ಹೆಬ್ಬೆರಳೆತ್ತಿ ತೋರಿಸಿದರು. ಆ ಹೆಬ್ಬೆರಳು ಅವಳಿಗೆ ಹಿತವಾಯಿತು. ಉಳಿದ ಮಾತನ್ನು ನಾಳೆ ಹೇಳಿದರಾಯಿತೆಂದುಕೊಂಡಳು. ಮರುದಿನ ಸಾವ್ಕಾರರು ಹುಬ್ಬಳ್ಳಿಗೆ ಹೋಗಿದ್ದರು. ಅದರ ಮರುದಿನ ಹೇಳುವ ಉಮೇದು ಅವಳಲ್ಲೇ ಉಳಿದಿರಲಿಲ್ಲ.

ಶನಿವಾರ ಪಗಾರ ಹಂಚುವಾಗ ಸೂಪರ್ವೈಜರ್ ಅಂಬ್ರಪ್ಪ ನಾಲ್ವರು ಬದಲಿ ಹೆಂಗಸರನ್ನು ಬದಿಗೆ ಕರೆದು ಸೋಮವಾರದಿಂದ ಬರುವುದು ಬೇಡವೆಂದ. ಅವರಲ್ಲಿ ಮದೀನಾಬೀ ಇದ್ದಳು. ಆ ಸಂಜೆ ಟಂಟಂನಲ್ಲಿ ಅವಳು ರೇವತಿಯ ಎದುರಿಗೇ ಕೂತಿದ್ದಳು. ಹೊರಗೆ ನೋಡುತ್ತಲೇ ಕೇಳಿದಳು.

"ನಾಕು ಮಂದಿ ಜಾಸ್ತಿ ಆಗ್ಯಾರ ಅಂತ ಕಂಪ್ಯೂಟರ್ ಹೇಳ್ಯಾದಂತ ಅಂಬ್ರಪ್ಪ ಅಂದ. ಹೌದೇನು ಬೇಟಿ?"

"ಹೆಸರು ಹೇಳಿಲ್ಲ ಖಾಲಾ. ಇಷ್ಟು ತಾಸು ಉಳೀತದ ಅಂತಷ್ಟೇ."

"ನಾ ಖಾಲಿ ಕುಂತಿದ್ದು ನೀ ನೋಡಿಯೇನು?"

ರೇವತಿ ಇಲ್ಲವೆಂದು ತಲೆಯಾಡಿಸಿದಳು. ನೋಡಿರಲಿಲ್ಲ. ಮದೀನಾಬೀ ಬೆಳಗಿನಿಂದ ಸಂಜೆಯವರೆಗೆ ಒಂದು ಜಿನ್ನಿನಿಂದ ಇನ್ನೊಂದಕ್ಕೆ ಓಡಾಡುವುದನ್ನೇ ನೋಡಿದ್ದಳು. ಲಾಲಮ್ಮ ನಡುವೆ ಬಾಯಿ ಹಾಕಿ, "ಹುಡುಗಿ ಏನ್ ಮಾಡ್ತಾಳ ಬಿಡು ಮದೀನಾ, ಆಕಿ ಹೇಳಿದ್ದು ಸಾವ್ಕಾರ ಕೇಳ್ತಾನೇನು," ಎಂದಳು. ಹದಿನೈದು ದಿನದೊಳಗೆ ಮದೀನಾಬೀ ಮನೆಗೆ ಬೀಗ ಹಾಕಿ, ಗಂಡ ಖಾಜಾಹುಸೇನನ ಜೊತೆ ಪುಣೆಗೆ, ಕಟ್ಟಡದ ಕೆಲಸಕ್ಕೆ ಹೋದಳು.

ತಮಿಳುನಾಡಿನವರ ಆರ್ಡರು ದೊಡ್ಡದಿತ್ತು. ತಾರೀಖಿನೊಳಗೆ ಬೇಲು ಕೊಡದಿದ್ದರೆ ದಂಡ. ಊಟದ ತಾಸಿನಲ್ಲೂ ಜಿನ್ನು ಓಡಿಸಲು ಸಾವ್ಕಾರರು ಹೇಳಿದರು, ಹೆಂಗಸರು ಸರದಿಯ ಮೇಲೆ ಉಣ್ಣಲಿ ಎಂದು. ರೇವತಿ ಹೊಸ ಪ್ಲ್ಯಾನು ಹಾಕಲು ಕೂತಳು. ಜಿನ್ನಿಗೆ ಒಂಬತ್ತು ತಾಸು, ಹೆಂಗಸರು ಇಪ್ಪತ್ತೆರಡು, ಬೇಲು ಇಷ್ಟು ಕೊಡಲೇಬೇಕು. ಗುಂಡಿ ಒತ್ತಿದಳು. ಈ ಮಿತಿಗಳೊಳಗೆ ಉತ್ತರವಿಲ್ಲ ಎಂದು ಕಂಪ್ಯೂಟರು ತೋರಿಸಿತು.

ಎಲ್ಲೋ ತಪ್ಪಿದೆ ಎಂದುಕೊಂಡು ಮತ್ತೆ ಒತ್ತಿದಳು. ಮತ್ತದೇ ಬಂತು. ತಪ್ಪೇನೂ ಇರಲಿಲ್ಲ. ಜಿನ್ನುಗಳು ಅಷ್ಟು ಓಡಿದರೆ ನೂರಾ ತೊಂಬತ್ತೆಂಟು ತಾಸಿನ ಕೈ ಬೇಕು. ಇದ್ದದ್ದು ನೂರಾ ಎಪ್ಪತ್ತಾರು. ಉಳಿಕೆ ಎಂದು ಕಳಿಸಿದ ನಾಲ್ವರು ಈಗ ಇದ್ದಿದ್ದರೆ ಲೆಕ್ಕ ಸರಿಹೋಗಿ, ಮೇಲೆ ಹತ್ತು ತಾಸು ಉಳಿಯುತ್ತಿತ್ತು. ಅವಳು ತಲೆಯೆತ್ತಿ ಕಿಟಕಿಯಿಂದ ನೋಡಿದಳು. ಕಂಪ್ಯೂಟರು ಆಗದು ಎಂದದ್ದು ಅಲ್ಲಿ ಮೂರು ದಿನದಿಂದ ಆಗುತ್ತಲೇ ಇತ್ತು. ಇಪ್ಪತ್ತು ಜಿನ್ನುಗಳೂ ಓಡುತ್ತಿದ್ದವು. ಊಟದ ಹೊತ್ತಿಗೆ ಆರೇಳು ಹೆಂಗಸರು ಬುತ್ತಿ ಬಿಚ್ಚಲು ಹೋದಾಗ, ಉಳಿದವರಲ್ಲಿ ನಾಲ್ಕೈದು ಮಂದಿ ಎರಡೆರಡು ಜಿನ್ನು ಹಿಡಿದು, ಎಡಕ್ಕೆ ಬಲಕ್ಕೆ ತಿರುಗುತ್ತ ಹತ್ತಿ ಹಾಕುತ್ತಿದ್ದರು. ಇಲ್ಲದ ಇಪ್ಪತ್ತೆರಡು ತಾಸು ಅವರ ಮೈಯಿಂದ ಬರುತ್ತಿತ್ತು.

ಅಂಬ್ರಪ್ಪ ಪ್ಲ್ಯಾನಿನ ಹಾಳೆ ಒಯ್ಯಲು ಬಂದ.

"ಆಗ್ಯಾದೇನ್ರಿ ಮೇಡಮ್ಮರ?"

"ಆಗವಲ್ದು. ಹೆಣ್ಮಕ್ಕಳು ಸಾಲಂಗಿಲ್ಲ."

"ಸಾಲವಲ್ಲರು ಅಂದ್ರ ಹ್ಯಾಂಗ್ರಿ? ನಡದದಲ್ಲ ಕೆಲಸ." ಅವನು ಪರದೆಯ ಮೇಲೆ ಬಗ್ಗಿ ನೋಡಿದ. "ಇದೇನು ಅರವತ್ತಾರು ನಿಮಿಷ? ಅದು ಹಳೀದು. ಈಗ ಅಷ್ಟೆಲ್ಲಿ ತೊಗೋತಾರ? ಐವತ್ತೆಂಟು ಹಾಕ್ರಿ, ಆಗ್ತದ. ಸಾವ್ಕಾರ್ರು ಹಾಳಿ ಕಾಯಾಕತ್ತಾರ."

ಒಂದು ತಾಸು ಜಿನ್ನು ಓಡುವುದಕ್ಕೆ ಐವತ್ತೆಂಟು ನಿಮಿಷದ ಹೆಂಗಸು. ಉಳಿದ ಎರಡು ನಿಮಿಷ ಜಿನ್ನಿನ ಮುಂದೆ ಯಾರೂ ಇಲ್ಲ, ಇಲ್ಲವೇ ಪಕ್ಕದ ಜಿನ್ನಿನವಳೇ ಇದಕ್ಕೂ ಕೈ ಚಾಚಬೇಕು. ಕಲ್ಲು ಆರಿಸುವುದು, ಕೆಮ್ಮುವುದು, ನೀರು, ಗೋಡೆಯ ಹಿಂದೆ, ಒಂದೂ ಇಲ್ಲ. ರೇವತಿಗೆ ಇದು ಬರೋಬ್ಬರಿ ಗೊತ್ತಿತ್ತು, ತಾನೇ ಅಳೆದದ್ದು. ಅಂಬ್ರಪ್ಪ ಅಲ್ಲೇ ನಿಂತಿದ್ದ. ಅವಳು ಅಂಕಿ ಬದಲಿಸಿ ಗುಂಡಿ ಒತ್ತಿದಳು. ಉತ್ತರ ಬಂತು. ಹಾಳೆ ಪ್ರಿಂಟಾಗಿ ಹೊರಬಿತ್ತು.

ಮನೆಯಲ್ಲಿ ಲಾಲಮ್ಮನ ಮಾತು ಕಡಿಮೆಯಾಯಿತು. ರೊಟ್ಟಿ ಬಡಿಯುವಾಗ ಬಲಗೈ ಮಣಿಕಟ್ಟು ಬಾತಿರುವುದು ಕಾಣುತ್ತಿತ್ತು. ಬೆಳಿಗ್ಗೆ ಚಹಾ, ನೀರು ಕೂಡ ಬೇಡವೆನ್ನುವುದನ್ನು ರೇವತಿ ಒಂದೆರಡು ದಿನ ಗಮನಿಸಿ ಕೇಳಿದಳು.

"ಯಾಕತ್ತಿ, ನೀರೂ ಕುಡಿಯವಲ್ಲಿ?"

"ಕುಡದ್ರ ಎದ್ದು ಹೋಗಬೇಕಾಗ್ತದ. ಜಿನ್ನಿನ ಮುಂದ ಯಾರ ನಿಲ್ಲಬೇಕು? ಇರೋ ಇಬ್ಬರು ಬದಲಿಗೋಳು ಊಟದ ಹೊತ್ತಿನ ತನಕ ಕೈಗೇ ಸಿಗಂಗಿಲ್ಲ." ಲಾಲಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. "ಸಂಕ್ರಾಂತಿ ತನಕ ಹಿಂಗೇ ಅಂತ. ಆಮ್ಯಾಲ ಕಮ್ಮಿ ಆಗ್ತದಂತ."

ಮರುದಿನ ರೇವತಿ ಧೈರ್ಯ ಮಾಡಿ ಸಾವ್ಕಾರರ ಕೋಣೆಗೆ ಹೋದಳು. ಎರಡನ್ನೂ ಒಮ್ಮೆಲೇ ಮಾಡಿದ್ದರಿಂದ ಕೈ ಸಾಲುತ್ತಿಲ್ಲ, ಕಳಿಸಿದವರನ್ನು ವಾಪಸು ಕರೆಯಬೇಕು ಎಂದಳು. ಸಾವ್ಕಾರರು ಬೈಯಲಿಲ್ಲ. ಪೂರಾ ಕೇಳಿಸಿಕೊಂಡರು.

"ನಿನ್ನ ಪ್ಲ್ಯಾನಿನಾಗ ಆಗ್ತದ ಅಂತ ಬಂದದಲ್ಲವಾ?" ಎಂದು ಹಾಳೆ ಎತ್ತಿ ತೋರಿಸಿದರು.

"ಅದು... ಅರವತ್ತಾರು ಇದ್ದದ್ದು ಐವತ್ತೆಂಟು ಮಾಡೀನ್ರಿ."

"ಮಾಡಿದ ಮ್ಯಾಲ ಕೆಲಸ ನಿಂತದೇನು? ಇಲ್ಲ. ಅಂದ್ರ ಐವತ್ತೆಂಟೇ ಖರೆ. ಈ ಆರ್ಡರ್ ಒಂದು ಮುಗೀಲಿ, ಆಮ್ಯಾಲ ನೋಡೂಣು. ಹೋಗು."

ಅವಳು ಹೋದಳು. ಕೋಣೆಗೆ ಬಂದು ಕೂತು ಆ ವಾರದ ಬೇಲುಗಳ ಲೆಕ್ಕ ಮುಂದುವರಿಸಿದಳು. ಆ ದಿನವನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದಳು. ಹೇಳಿದೆನಲ್ಲ ಎಂಬ ಸಮಾಧಾನ ಆಗ ಅವಳಿಗೆ ಸಿಕ್ಕಿತ್ತು. ಆ ಸಮಾಧಾನದಲ್ಲಿ ಆ ದಿನ ಅವಳು ಹೊಟ್ಟೆತುಂಬ ಉಂಡಿದ್ದಳು.

ಆದದ್ದು ಊಟದ ಹೊತ್ತಿನಲ್ಲೇ. ಲಾಲಮ್ಮನ ಬಲಗಡೆಯವಳು ಉಣ್ಣಲು ಹೋಗಿದ್ದಳು. ಲಾಲಮ್ಮ ತನ್ನ ಜಿನ್ನನ್ನೂ ಅವಳ ಜಿನ್ನನ್ನೂ ನೋಡುತ್ತಿದ್ದಳು. ಆ ದಿನದ ಹತ್ತಿ ಹಸಿಯಾಗಿತ್ತು, ರೋಲರಿನ ಬಾಯಲ್ಲಿ ಮತ್ತೆ ಮತ್ತೆ ಗಂಟು ಕಟ್ಟುತ್ತಿತ್ತು. ಗಂಟು ಬಿಡಿಸಬೇಕಾದರೆ ಜಿನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಅಂಬ್ರಪ್ಪ ಬರುತ್ತಾನೆ. ಅವಳು ಎಡಗೈಯಿಂದ ತನ್ನ ಜಿನ್ನಿಗೆ ಹತ್ತಿ ತಳ್ಳುತ್ತ, ಬಲಗೈಯನ್ನು ಪಕ್ಕದ ಜಿನ್ನಿನ ಗಂಟಿಗೆ ಹಾಕಿದಳು. ಕಣ್ಣು ತನ್ನ ಜಿನ್ನಿನ ಕಡೆಗಿತ್ತು.

ಕಿಟಕಿಯ ಈಚೆ ರೇವತಿಗೆ ಕೂಗು ಕೇಳಿಸಲಿಲ್ಲ. ಅವಳು ಕಂಡದ್ದು ಹೆಂಗಸರು ಒಬ್ಬೊಬ್ಬರಾಗಿ ಕೈಯೆತ್ತುವುದನ್ನು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಆ ಕೈಗಳು ಏಳುತ್ತ ಹೋದವು. ಆಮೇಲೆ ಯಾರೋ ಮೇನ್ ಸ್ವಿಚ್ಚು ಎಳೆದರು. ಇಪ್ಪತ್ತೂ ಜಿನ್ನುಗಳು ಮೆಲ್ಲಗೆ ಸದ್ದು ಇಳಿಸುತ್ತ ನಿಂತವು. ಆಗ ಕೇಳಿಸಿತು. ಲಾಲಮ್ಮ ಅಳುತ್ತಿರಲಿಲ್ಲ, ಅರಚುತ್ತಿರಲಿಲ್ಲ, "ಅಂಬ್ರಪ್ಪಾ, ಹಿಂದಕ ತಿರುಗಸೋ, ಹಿಂದಕ ತಿರುಗಸೋ," ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದಳು. ರೋಲರನ್ನು ಕೈಯಿಂದ ಹಿಂದಕ್ಕೆ ತಿರುಗಿಸಲು ಮೂವರು ಗಂಡಸರು ಬೇಕಾದರು. ಜಿನ್ನಿನ ಆಚೆ ಬದಿಗೆ ಬಿದ್ದ ಅರಳೆ ಕೆಂಪಗಾಗಿತ್ತು. ರೇವತಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹತ್ತಿ ತಂದ ಟೆಂಪೋದಲ್ಲಿ ಶಹಾಪುರದ ದವಾಖಾನೆಗೆ ಹೋದಳು. ಅಲ್ಲಿಂದ ಆ್ಯಂಬುಲೆನ್ಸಿನಲ್ಲಿ ಕಲಬುರಗಿಗೆ. ಮೊಣಕೈ ಕೆಳಗೆ ಕತ್ತರಿಸುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದರು ಡಾಕ್ಟರು.

ಲಕ್ಷ್ಮಿ ಕಕ್ಕೇರಾದಿಂದ ಬಂದಳು. ಅಂಬ್ರಪ್ಪ ಒಂದು ದಿನ ಹಣ್ಣು ತೆಗೆದುಕೊಂಡು ಬಂದು ಹೋದ. ಅವನು ಹೋದ ಮೇಲೆ ಲಾಲಮ್ಮ ಮಗಳನ್ನು ಔಷಧಿಗೆ ಕಳಿಸಿ ರೇವತಿಯನ್ನು ಹತ್ತಿರ ಕರೆದಳು. ದನಿ ಕ್ಷೀಣವಾಗಿತ್ತು, ಮಾತು ಸ್ಪಷ್ಟವಾಗಿತ್ತು.

"ಎಲ್ಲಾ ರೇವತಿ ಮೇಡಂ ಹಾಕಿದ ಪ್ಲ್ಯಾನಿನ ಪ್ರಕಾರನೇ ನಡಿಸೀವಿ ಅಂದ ಅಂಬ್ರಪ್ಪ."

"ಹೌದತ್ತಿ."

"ಒಬ್ಬಾಕಿ ಎರಡು ಜಿನ್ನು ಹಿಡೀಬೇಕು ಅಂತ ಅದರಾಗಿತ್ತೇನು?"

"ಹಂಗಂತ ಬರದಿರಲಿಲ್ಲ. ಆದ್ರ ಹಂಗ ಮಾಡದಿದ್ರ ಅದು ಆಗ್ತಿರಲಿಲ್ಲ."

"ನನ್ನ ಬಾಜೂಕ ಕುಂತು ನೀನೇ ಟೈಮ್ ನೋಡಿದ್ದಿ."

"ಹೌದು."

"ನಿಂಗ ಗೊತ್ತಿತ್ತು ಹಂಗಾರ."

ರೇವತಿ ಅತ್ತೆಯ ಕಾಲಿನ ಮೇಲೆ ಕೈಯಿಟ್ಟಳು. ಲಾಲಮ್ಮ ಕಾಲು ಸರಿಸಿಕೊಂಡಳು.

"ಹೊರಗ ಹೋಗು. ಲಕ್ಷ್ಮೀನ ಕಳಸು."

ಕೆಲದಿನಗಳಾದ ಮೇಲೆ ಗಿರಣಿಗೆ ಕಾರ್ಖಾನೆ ಇಲಾಖೆಯ ಅಧಿಕಾರಿ ಬಂದರು. ನಡುವಯಸ್ಸಿನ, ಅವಸರವಿಲ್ಲದ ಮನುಷ್ಯ. ಹಿಂದಿನ ಸಂಜೆಯೇ ಸಾವ್ಕಾರರು ರೇವತಿಯನ್ನು ಕರೆದು, ಅಧಿಕಾರಿಗೆ ಹೇಳಬೇಕಾದದ್ದನ್ನು ಮೃದುವಾಗಿಯೇ ಹೇಳಿಕೊಟ್ಟಿದ್ದರು. ಒಂದು ಜಿನ್ನಿಗೆ ಒಬ್ಬ ಹೆಂಗಸು ಇದ್ದಳು, ಮೇಲೆ ಬದಲಿಯವರೂ ಇದ್ದರು, ಲಾಲಮ್ಮ ಮಾತಾಡುತ್ತ ಕೈ ಮರೆತಳು. ಪರಿಹಾರ ಏನು ಕೊಡಬೇಕೋ ತಾವು ಮನೆಯವರಂತೆ ಕೊಡುವುದಾಗಿಯೂ, ಕಚೇರಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆಂದೂ ಹೇಳಿದ್ದರು.

ಅಂಬ್ರಪ್ಪ ಹಾಗೆಯೇ ಹೇಳಿದ. ಅಧಿಕಾರಿ ರೇವತಿಯ ಕಡೆ ತಿರುಗಿದರು.

"ಇಲ್ಲಿ ಕೆಲಸ ಹಂಚೋರು ನೀವೇನು?"

"ಹೌದ್ರಿ."

"ಹೆಣ್ಮಕ್ಕಳು ಸಾಕಷ್ಟಿದ್ರಾ?"

ಸಾವ್ಕಾರರು ಕಿಟಕಿಯ ಕಡೆ ನೋಡುತ್ತಿದ್ದರು. ರೇವತಿಯ ಮಾತು ಶುರುವಾದ ಮೇಲೆ ನಿಲ್ಲಲಿಲ್ಲ.

"ಇಲ್ರಿ. ಮೊದಲ ಇದ್ರು. ಮೂವತ್ತೆರಡು ತಾಸು ಉಳೀತದ ಅಂತ ನಾನೇ ತೋರಿಸಿದ್ದೆ. ಆ ಉಳಿಕಿ ಬ್ಯಾಡಾದ ತಾಸು ಅಲ್ರಿ. ಜಿನ್ನು ಎಂಟು ತಾಸು ಓಡೂತನಕ ಅದು ಉಳಿಕಿ. ಒಂಬತ್ತು ಓಡಿಸಿದ ದಿನ ಅದರಾಗಿಂದೇ ಕೈ ಬೇಕಿತ್ತು. ಒಂದು ಕಡೀಲಿಂದ ಅದನ್ನ ತೆಗದ್ರು, ಇನ್ನೊಂದು ಕಡೀಲಿಂದ ಜಿನ್ನು ಏರಿಸಿದ್ರು. ಆಮ್ಯಾಲ ನಾ ಲೆಕ್ಕ ಹಾಕಿದಾಗ ಉತ್ತರಾನೇ ಬರಲಿಲ್ಲ. ದಿನಕ್ಕ ಇಪ್ಪತ್ತೆರಡು ತಾಸು ಕಮ್ಮಿ ಬಿದ್ದಿತ್ತು."

"ಮತ್ತ ಪ್ಲ್ಯಾನ್ ಹಾಳಿ ಹ್ಯಾಂಗ ಬಂತು?"

"ಅರವತ್ತಾರು ನಿಮಿಷ ಅಂತ ಇದ್ದದ್ದನ್ನ ಐವತ್ತೆಂಟು ಮಾಡಿದೆ. ಅಂಬ್ರಪ್ಪ ಹೇಳಿದ, ಮಾಡಿದಾಕಿ ನಾನು."

"ಐವತ್ತೆಂಟು ಅಂದ್ರ, ತಾಸಿಗಿಂತ ಕಮ್ಮಿ," ಎಂದು ಅಧಿಕಾರಿ ನಿಧಾನವಾಗಿ ಹೇಳಿದರು. "ಒಂದೊಂದು ಜಿನ್ನಿನ ಮುಂದ ಪೂರಾ ಒಬ್ಬಾಕೀನೂ ಇಲ್ಲ ಅಂದಂಗಾತು."

"ಹೌದ್ರಿ. ಊಟದ ಹೊತ್ತಿನಾಗ ಒಬ್ಬಾಕಿಗೆ ಎರಡು ಜಿನ್ನು."

ಅಧಿಕಾರಿ ಅದನ್ನೆಲ್ಲ ಬರೆಸಿ ಅವಳ ಸಹಿ ಹಾಕಿಸಿಕೊಂಡರು. ಜೀಪು ಹೋದ ಮೇಲೆ ಸಾವ್ಕಾರರು ಒಂದೇ ಮಾತು ಆಡಿದರು. "ನಾಳಿಯಿಂದ ಬರಬ್ಯಾಡವಾ." ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು ಆ ದನಿಯಲ್ಲಿ.

ಗಿರಣಿ ಒಂದು ವಾರ ನಿಂತು ಮತ್ತೆ ಶುರುವಾಯಿತು. ಊಟಕ್ಕೆ ಜಿನ್ನು ಬಂದ್ ಮಾಡಬೇಕು, ಬದಲಿಯವರನ್ನು ಇಡಬೇಕು ಎಂದು ಇಲಾಖೆಯ ಆದೇಶ ಬಂದಿತ್ತು. ಅಂಬ್ರಪ್ಪ ಹಳೆಯ ನಾಲ್ವರನ್ನು ಹುಡುಕಿಕೊಂಡು ಹೋದ. ಒಬ್ಬಳು ಹೈದರಾಬಾದಿನಲ್ಲಿದ್ದಳು, ಇಬ್ಬರು ಕಬ್ಬು ಕಡಿಯಲು ಹೋಗಿದ್ದರು. ಮದೀನಾಬೀ ಪುಣೆಯಿಂದ ಫೋನಿನಲ್ಲಿ ಲಾಲಮ್ಮನ ಸುದ್ದಿ ಕೇಳಿ ಬಹಳ ಅತ್ತಳಂತೆ. ಬರುವುದಿಲ್ಲ ಎಂದಳಂತೆ. ಸುತ್ತಲ ಹಳ್ಳಿಗಳಿಂದ ಕೆಲಸ ಗೊತ್ತಿಲ್ಲದ ಹೊಸ ಹುಡುಗಿಯರನ್ನು ತಂದು ಆ ಜಾಗಗಳಲ್ಲಿ ನಿಲ್ಲಿಸಿದರು.

ರೇವತಿ ಸುರಪುರಕ್ಕೆ ವಾಪಸು ಬಂದು ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಹುಡುಗರಿಗೆ ಲೆಕ್ಕ ಹೇಳಿಕೊಡತೊಡಗಿದಳು. ಲಾಲಮ್ಮನ ಅಣ್ಣ, ಅಂದರೆ ರೇವತಿಯ ತಂದೆ ವೆಂಕಟಪ್ಪ, ಮಗಳೊಂದಿಗೆ ಮಾತಾಡುವುದನ್ನು ಬಿಡಲಿಲ್ಲ, ಆದರೆ ಗಿರಣಿಯ ಹೆಸರೆತ್ತುವುದನ್ನು ಬಿಟ್ಟ. ದೋರನಹಳ್ಳಿಯ ಮನೆಯನ್ನು ಬಾಡಿಗೆಗೆ ಕೊಟ್ಟು ಲಾಲಮ್ಮ ಕಕ್ಕೇರಾಕ್ಕೆ, ಮಗಳ ಮನೆಗೆ ಹೋದಳು. ರೇವತಿ ಎರಡು ಸಲ ಅಲ್ಲಿಗೆ ಹೋಗಿದ್ದಳು. ಎರಡು ಸಲವೂ ಲಕ್ಷ್ಮಿ ಬಾಗಿಲಲ್ಲೇ ನಿಂತು, ಅವ್ವ ಮಲಗ್ಯಾಳ ಎಂದಳು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು.

ಪರಿಹಾರದ ಕೇಸು ಯಾದಗಿರಿಯಲ್ಲಿ ನಡೆಯಿತು. ಮೊದಲ ತಾರೀಖಿಗೆ ಸಾವ್ಕಾರರ ವಕೀಲರು ಬರಲಿಲ್ಲ, ಮುಂದಕ್ಕೆ ಹೋಯಿತು. ಬೇಸಿಗೆಯಲ್ಲಿ ಬಂದ ಇನ್ನೊಂದು ತಾರೀಖಿಗೆ ರೇವತಿಯ ಸಾಕ್ಷಿ ಇತ್ತು. ಲಾಲಮ್ಮ ಹೊರಗಿನ ಬೆಂಚಿನ ತುದಿಗೆ, ಸೆರಗಿನೊಳಗೆ ಬಲತೋಳು ಮುಚ್ಚಿಕೊಂಡು ಕೂತಿದ್ದಳು. ತುಂಬ ಇಳಿದಿದ್ದಳು. ರೇವತಿ ಎದುರಿಗೆ ಬಂದರೂ ಮುಖ ಎತ್ತಲಿಲ್ಲ. ಒಳಗೆ ವಕೀಲರು ರೇವತಿಯನ್ನು ಬಹಳ ಹೊತ್ತು ಕೆದಕಿದರು. ಅಂಕಿ ತಿದ್ದಿದ್ದು ನೀವೇ ಅಂದಮೇಲೆ ತಪ್ಪು ಮಾಲೀಕರದು ಹೇಗೆ ಎಂದು ಕೇಳಿದರು. ತಪ್ಪು ನನ್ನದೂ ಇದೆ, ಅದನ್ನೂ ಬರೆದುಕೊಳ್ಳಿ ಎಂದಳು. ಬರೆದುಕೊಂಡರು. ತೀರ್ಪು ಆಗಲಿಲ್ಲ, ಮತ್ತೊಂದು ತಾರೀಖು ಕೊಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಲಕ್ಷ್ಮಿ ನೀರಿನ ಬಾಟಲಿ ತರಲು ಹೋದಳು. ಬಿಸಿಗಾಳಿಗೆ ಲಾಲಮ್ಮನ ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಅವಳು ಎಡಗೈಯೊಂದರಿಂದ ತುರುಬು ಕಟ್ಟಲು ನೋಡಿದಳು. ಸುತ್ತುವುದು ಬಂತು, ಸಿಗಿಸುವುದು ಬರಲಿಲ್ಲ. ಮತ್ತೆ ಸುತ್ತಿದಳು, ಮತ್ತೆ ಬಿಚ್ಚಿತು. ರೇವತಿ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದಳು. ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಹೋಗಿ ಹಿಂದೆ ನಿಂತು ಕೂದಲಿಗೆ ಕೈ ಹಾಕಿದಳು. ಲಾಲಮ್ಮ ತಡೆಯಲಿಲ್ಲ. ತಿರುಗಿಯೂ ನೋಡಲಿಲ್ಲ.

ಕಕ್ಕೇರಾದ ಬಸ್ಸು ಬಂತು. ಲಕ್ಷ್ಮಿ ಓಡಿಬಂದು ಅವ್ವನ ಎಡ ರಟ್ಟೆ ಹಿಡಿದು ಹತ್ತಿಸಿದಳು. ಮೆಟ್ಟಿಲ ಮೇಲೆ ಲಾಲಮ್ಮ ಒಂದು ಗಳಿಗೆ ನಿಂತಳು.

"ಮುಂದಿನ ತಾರೀಖಿಗೂ ಬರ್ತೀಯೇನು?"

"ಬರ್ತೀನತ್ತಿ."

ಲಾಲಮ್ಮ ಒಳಗೆ ಹೋಗಿ ಆಚೆ ಬದಿಯ ಸೀಟಿನಲ್ಲಿ ಕೂತಳು. ಕಂಡಕ್ಟರು ಬಾಗಿಲು ಹಾಕಿ ಸೀಟಿ ಊದಿದ. ಸುರಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ರೇವತಿ ತಗಡಿನ ನೆರಳಿಗೆ ಸರಿದು ನಿಂತಳು.